ಮಗಳ ಹಿಂದಿನ ಸಾಲಿನಲ್ಲಿ

ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಮೇಲಿನ ಮನೆಯವರು ಒಣಹಾಕಿದ ಅಂಗಿಯೊಂದು ಗಾಳಿಗೆ ಜಾರಿ ನನ್ನ ತಲೆಯ ಮೇಲೆ ಬಿತ್ತು. ಬಿಳಿಯದು, ದಪ್ಪನೆಯದು, ಗಂಜಿ ಹಾಕಿ ಸೆಟೆದು ನಿಂತದ್ದು. ಅವರ ಮಗುವಿನ ಕರಾಟೆ ಅಂಗಿ. ಆ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಸೊಂಟ ಚುಳುಕ್ಕೆಂದಿತು. ಹಳೆಯ ವಾಸನೆಗಳು ಬೇರೆಯವರಿಗೆ ಮನಸ್ಸಿಗೆ ತಟ್ಟುತ್ತವಂತೆ; ನನಗೆ ಸೊಂಟಕ್ಕೆ. ಕಾರಣ ಹೇಳುತ್ತೇನೆ, ಕೂತುಕೊಳ್ಳಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಮಹಾರಾಷ್ಟ್ರದ ಗಡಿಯ ಮಗ್ಗಗಳ ಊರು ಇಚಲಕರಂಜಿಯಲ್ಲಿ ನನ್ನದು ನೂಲಿನ ಅಂಗಡಿ. ದೇವರು ನನಗೆ ಹೊಟ್ಟೆಯನ್ನು ಧಾರಾಳವಾಗಿ ಕೊಟ್ಟು, ಧೈರ್ಯ ಕೊಡುವ ಹೊತ್ತಿಗೆ ಕೈ ಬಿಗಿಹಿಡಿದಿದ್ದ. ನಾಯಿ ಕಂಡರೆ ಅಂಜಿಕೆ, ಗುಡುಗಿಗೆ ಅಂಜಿಕೆ, ಅಂಗಡಿಗೆ ಬರುವ ಜೋರುಬಾಯಿಯ ಗಿರಾಕಿಗಳೆಂದರೆ ಅಂಜಿಕೆ. ಇವೆಲ್ಲಕ್ಕಿಂತ ದೊಡ್ಡದು, ಮಗಳು ಗಿರಿಜಾಳ ಸಲುವಾಗಿ ಅಂಜಿಕೆ. ಅವಳು ಹೈಸ್ಕೂಲಿಗೆ ಮಗ್ಗದ ಓಣಿಗಳನ್ನು ದಾಟಿ ಸೈಕಲ್ ಮೇಲೆ ಹೋಗಬೇಕು. ಪಾಳಿ ಬಿಟ್ಟ ಹೊತ್ತಿಗೆ ಆ ಓಣಿಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಅದೇ ಸುಮಾರಿಗೆ, ಪುಣೆಯಲ್ಲಿ ಕಲಿತು ಬಂದ ತರುಣನೊಬ್ಬ ಶಾಲೆಯ ಬಯಲಿನಲ್ಲಿ ಮಕ್ಕಳಿಗೆ ಕರಾಟೆ ಹೇಳಿಕೊಡಲು ಶುರುಮಾಡಿದ. ಎಲ್ಲರೂ ಅವನನ್ನು ಸರ್ ಎನ್ನುತ್ತಿದ್ದರು. ಮಗಳನ್ನು ಕಳಿಸುತ್ತೇನೆಂದು ನಾನು ಮನೆಯಲ್ಲಿ ಘೋಷಿಸಿದೆ. ಏಕಾಗ್ರತೆ, ಶಿಸ್ತು, ಹಸಿವು ಎಂದು ಲಾಭಗಳ ಪಟ್ಟಿಯನ್ನೂ ಒಪ್ಪಿಸಿದೆ.

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹುಡುಗಿ ಒಬ್ಬಾಕಿನ್ನ ಕಳಸಾಕ ಬರೂದಿಲ್ರಿ. ನೀವೂ ಹೋಗಿ ಅಲ್ಲೇ ಕುಂಡ್ರ್ರಿ," ಎಂದಳು.

ಹೋಗಿ ಕಟ್ಟೆಯ ಮೇಲೆ ಕೂತೆ. ಸರ್ ನೋಡಿದ. "ಕಾಕಾ, ಇಲ್ಲಿ ಯಾರೂ ಸುಮ್ನ ಕುಂಡ್ರಂಗಿಲ್ರಿ. ಕಲಿಯೋದಿದ್ರ ಕಲೀರಿ, ಇಲ್ಲಂದ್ರ ಗೇಟಿನ ಹೊರಗ ನಿಂದ್ರ್ರಿ."

ಗೇಟಿನ ಹೊರಗೆ ನಾಯಿಯಿತ್ತು. ನಾನು ಕರಾಟೆಗೆ ಸೇರಿದ್ದು ಹೀಗೆ.

ಆಗ ಆ ಬಟ್ಟೆ ನಮ್ಮೂರಲ್ಲಿ ಸಿದ್ಧ ಸಿಗುತ್ತಿರಲಿಲ್ಲ. ಮಾಂಜರಪಾಟ ಎಂಬ ಒರಟು ಹತ್ತಿಯ ಅರಿವೆ ತಂದು ಟೇಲರನಿಗೆ ಕೊಟ್ಟೆ. ಅವನು ಟೇಪು ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದ. "ಶೇಠಜಿ, ಉಸಿರ ಹಿಡದಾಗಿಂದು ಅಳತಿ ತಗೊಳ್ಲೋ, ಬಿಟ್ಟಾಗಿಂದೋ?" ಹಿಡಿದಾಗಿನದೇ ಇರಲಿ ಎಂದೆ. ಹೊಲಿದು ಬಂದದ್ದಕ್ಕೆ ಹೆಂಡತಿ ದಪ್ಪಗೆ ಗಂಜಿ ಹಾಕಿದಳು. ಮೊದಲ ದಿನವೇ ಪಾಯಿಜಾಮ ಹಿಂದೆ ಹರಿಯಿತು.

ಸರ್ ಕಲಿಸುತ್ತಿದ್ದುದು ಹಳೆಯ ಪದ್ಧತಿ. ಮೊದಲು ಬಯಲು ಗುಡಿಸಬೇಕು, ಆಮೇಲೆ ಒಬ್ಬರಿಗೊಬ್ಬರು ತಲೆ ಬಾಗಬೇಕು, ಆಮೇಲೆ ನಿಲ್ಲಬೇಕು. ಬರೀ ನಿಲ್ಲುವುದು; ಮುಂದಿನ ಮಂಡಿ ಮಡಚಿ, ಹಿಂದಿನ ಕಾಲು ಚಾಚಿ. "ಸರ್, ಹೊಡಿಯೋದು ಯಾವಾಗ ಕಲಸ್ತೀರಿ?" ಎಂದು ಮಕ್ಕಳು ಗೋಗರೆದರೆ, "ನಿಂದ್ರಾಕ ಬಂದ ಮ್ಯಾಲ," ಎನ್ನುತ್ತಿದ್ದ. ಗಿರಿಜಾ ನೆಲಕ್ಕೆ ನಟ್ಟವಳಂತೆ ನಿಲ್ಲುತ್ತಿದ್ದಳು. ನಾನು ಯಾರಾದರೂ ಪರಿಚಯದವರು ರಸ್ತೆಯಲ್ಲಿ ಹೋಗುತ್ತಿದ್ದಾರೋ ಎಂದು ನೋಡುತ್ತ ನಿಲ್ಲುತ್ತಿದ್ದೆ.

ಬೆಲ್ಟಿನ ಪರೀಕ್ಷೆ ಕೊಲ್ಹಾಪುರದಲ್ಲಿ. ಕುಸ್ತಿಯ ಊರು ಅದು. ಪಕ್ಕದ ಗರಡಿಯ ಪೈಲವಾನರು ಕೆಲವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಹೋ ಶೇಠ, ವಾರ್ಯಾಲಾ ಕಶಾಲಾ ಮಾರತಾ?" ಎಂದು ಒಬ್ಬ ಕೇಳಿದ. ಗಾಳಿಗೆ ಯಾಕೆ ಹೊಡೆಯುತ್ತೀರಿ ಎಂದು. ಉತ್ತರ ಯೋಚಿಸುವಷ್ಟರಲ್ಲಿ ಸಾಲೆಲ್ಲ ಎಡಕ್ಕೆ ತಿರುಗಿತು, ನಾನು ಬಲಕ್ಕೆ ತಿರುಗಿದೆ. ಎದುರಿಗೆ ನನ್ನ ಸೊಂಟದೆತ್ತರದ ಹುಡುಗಿಯೊಬ್ಬಳು. ಪಾಪ, ಸಂಸ್ಕಾರವಂತೆ, ನನ್ನನ್ನು ಕಂಡು ತಲೆಬಾಗಿದಳು.

ಗಿರಿಜಾಳಿಗೆ ಹಳದಿ ಬೆಲ್ಟು ಬಂತು. ನನ್ನದು ಬಿಳಿಯೇ ಉಳಿಯಿತು. ಅಂದಿನಿಂದ ಅವಳು ಮುಂದಿನ ಸಾಲಿನಲ್ಲಿ, ನಾನು ಹಿಂದಿನದರಲ್ಲಿ. ಸುದ್ದಿ ಗಡಹಿಂಗ್ಲಜದಲ್ಲಿದ್ದ ನನ್ನ ಅತ್ತೆಗೆ ಮುಟ್ಟಿತು. ಹೋದಾಗ ಊಟಕ್ಕೆ ಬಡಿಸುತ್ತ ಹೇಳಿದರು: "ಅಳಿಯಂದಿರ, ಕೈಕಾಲು ಝಾಡಿಸೋ ಹುಡುಗಿನ್ನ ನಾಳೆ ಯಾರು ಮಾಡ್ಕೋತಾರ? ಅಪ್ಪ ಅಂತೂ ಮಗಳ ಹಿಂದ ನಿಂತಾನಂತ. ಸಾಕ ಮಾಡ್ರಿ ಇನ್ನ." ಹೆಂಡತಿ ತಲೆಯಾಡಿಸಿದಳು. ನಾನು ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.

ಇದಾದ ಕೆಲವೇ ದಿನಕ್ಕೆ, ಒಂದು ಸಂಜೆ ಕ್ಲಾಸಿಗೆ ಹೊರಟಿದ್ದೆವು. ಗಿರಿಜಾ ಮುಂದೆ, ನಾನು ಹಿಂದೆ ನನ್ನ ಸೈಕಲ್ ಮೇಲೆ. ಪಾಳಿ ಬಿಟ್ಟಿತ್ತು. ಗದ್ದಲದಲ್ಲಿ ಅವಳ ಸೈಕಲ್ ಒಬ್ಬ ಮಗ್ಗದವನ ಸೈಕಲ್ಲಿಗೆ ತಾಗಿತು. ಅವನು ಯಾವ ಸಿಟ್ಟಿನಲ್ಲಿದ್ದನೋ, ಅವಳ ಹ್ಯಾಂಡಲ್ ಹಿಡಿದು ಬೈಯತೊಡಗಿದ. ನಾನು ಸೈಕಲ್ ಬಿಟ್ಟು ಓಡಿದೆ. ಇಬ್ಬರ ನಡುವೆ ನುಗ್ಗಿ, ಮುಂದಿನ ಮಂಡಿ ಮಡಚಿ, ಹಿಂದಿನ ಕಾಲು ಚಾಚಿ, ಮುಷ್ಟಿ ಕಟ್ಟಿ ನಿಂತೆ. ಜೀವನದಲ್ಲಿ ಮೊದಲ ಸಲ ಭಂಗಿ ಸರಿಯಾಗಿ ಬಂದಿತ್ತು. ಸೊಂಟದಲ್ಲಿ ಏನೋ ಕಟ್ಟೆಂದಿತು. ಅಷ್ಟೇ. ಮೇಲೇಳಲಾಗಲಿಲ್ಲ, ಕೆಳಗೆ ಕೂಡಲಾಗಲಿಲ್ಲ. ಹಾಗೇ ನಿಂತೆ.

ಗಿರಿಜಾ ನನ್ನನ್ನು ಬಳಸಿ ಮುಂದೆ ಬಂದಳು. ಮುಷ್ಟಿ ಕಟ್ಟಲಿಲ್ಲ, ಹಿಂದೆ ಸರಿಯಲಿಲ್ಲ. ಅವನ ಮುಖವನ್ನೇ ನೋಡುತ್ತ, "ಕಾಕಾ, ಸೈಕಲ್ ತಾಗಿದ್ದು ನನ್ನ ತಪ್ಪ. ಆದ್ರ ಹ್ಯಾಂಡಲ್ ಬಿಡ್ರಿ," ಎಂದಳು. ದನಿ ಏರಿರಲಿಲ್ಲ, ನಡುಗಿರಲಿಲ್ಲ. ಅವನು ಅವಳನ್ನು ನೋಡಿದ, ಸುತ್ತ ನಿಂತವರನ್ನು ನೋಡಿದ, ಕೈ ಬಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಇವರಿಗೇನಾತು?" ಎಂದ.

"ನಮ್ಮಪ್ಪಾರು. ಸೊಂಟ ಹಿಡದಂಗ ಐತ್ರಿ," ಎಂದಳು ಗಿರಿಜಾ.

ಆ ಮನುಷ್ಯನೇ ನನ್ನನ್ನು ಎತ್ತಿ ತನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿದ. ನಮ್ಮ ಸೈಕಲ್ಲುಗಳನ್ನು ಅಲ್ಲೇ ಗೋಡೆಗೆ ಆನಿಸಿಟ್ಟು ಅವನು ತಳ್ಳಿದ, ಗಿರಿಜಾ ನನ್ನನ್ನು ಬೀಳದಂತೆ ಹಿಡಿದಳು. ದಾರಿಯುದ್ದಕ್ಕೂ ಅವನೇ ಸಮಾಧಾನ ಹೇಳಿದ: "ಶೇಠಜಿ, ಹುಡುಗಿ ಭಾಳ ಗಟ್ಟಿ ಅದಾಳ್ರಿ. ನೀವ ಸ್ವಲ್ಪ ಜ್ವಾಕಿ." ನಮ್ಮ ಮನೆಯಲ್ಲಿ ಚಹಾ ಕುಡಿದು ಹೋದ.

ಹೆಂಡತಿ ಎಣ್ಣೆ ತಿಕ್ಕುತ್ತ ಅತ್ತಳು. ಕ್ಲಾಸು ಇವತ್ತಿಗೆ ಮುಗಿಯಿತು ಎಂದಳು. ನಾನು ಬೋರಲು ಬಿದ್ದುಕೊಂಡು ಮಗಳನ್ನು ಕೇಳಿದೆ, "ನಿನಗ ಅಂಜಿಕಿ ಬರಲಿಲ್ಲೇನವ್ವಾ?"

"ಬಂದಿತ್ತಪಾ. ಕಾಲ ನೆಲಕ್ಕ ಒತ್ತಿ ಉಸಿರ ಬಿಟ್ಟೆ. ಸರ್ ದಿನಾ ಅದನ್ನ ಹೇಳ್ತಾರಲ್ಲ. ನೀ ರಸ್ತೆ ಕಡೆ ನೋಡ್ತಿರ್ತಿ."

ಅಂಜಿಕೆ ಇರುವವರಿಗೂ ಹಾಗೆ ನಿಲ್ಲಲು ಬರುತ್ತದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ನನ್ನ ಲಾಭಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಮುಖ ದಿಂಬಿನಲ್ಲಿಟ್ಟೇ ಹೆಂಡತಿಗೆ ಹೇಳಿದೆ: "ನಾಳೆ ಆಕಿ ಹೋಗ್ಲಿ. ಒಬ್ಬಾಕಿನ ಹೋಗ್ಲಿ. ನಿಮ್ಮವ್ವಗ ನಾ ಹೇಳ್ತೇನಿ."

ಮರುದಿನ ಅವಳು ಒಬ್ಬಳೇ ಹೋದಳು. ಅವಳು ಬರುವವರೆಗೆ ಓಣಿಯಲ್ಲಿ ಬಾರಿಸಿದ ಸೈಕಲ್ ಗಂಟೆಗಳನ್ನೆಲ್ಲ ನಾನು ಕೇಳಿದೆ. ಅತ್ತೆಗೂ ಹೇಳಿದೆ, ಎದುರಿಗೆ ಹೇಳುವ ಧೈರ್ಯ ಕೂಡಿಬರಲು ದೀಪಾವಳಿ ಬರಬೇಕಾಯಿತು. ನಾನು ಮತ್ತೆ ಕ್ಲಾಸಿಗೆ ಹೋಗಲಿಲ್ಲ. ನನ್ನ ಬಿಳಿ ಬೆಲ್ಟು ಬಹುಕಾಲ ನೂಲಿನ ಗಂಟು ಕಟ್ಟಲು ಬಂತು.

ಇದನ್ನೆಲ್ಲ ನೆನೆಯುತ್ತಿದ್ದ ಹಾಗೇ ನಿನ್ನೆ ಗಿರಿಜಾ ಕಾರು ತಂದಳು. ಅವಳಿಗೀಗ ಐವತ್ತು ದಾಟಿದೆ. ಗಡಹಿಂಗ್ಲಜದಲ್ಲಿ ಸಂಬಂಧಿಕರ ಹೊಸ ಮನೆಯ ವಾಸ್ತುಶಾಂತಿ. ಅವಳು ಓಡಿಸುವ ಕಾರಿನಲ್ಲಿ ನಾನು ಕೂರುವ ರೀತಿ ಒಂದಿದೆ: ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಬಲಗಾಲು ಇಲ್ಲದ ಬ್ರೇಕಿನ ಮೇಲೆ, ಬಾಯಲ್ಲಿ "ಸಾವಕಾಶ, ಸಾವಕಾಶ." ನಿನ್ನೆಯೂ ಹಾಗೇ ಹತ್ತಿದೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಎದುರಾಯಿತು. ಅವಳ ಕೈಗಳನ್ನು ನೋಡಿದೆ. ಸ್ಟೀರಿಂಗಿನ ಮೇಲೆ ಆರಾಮಾಗಿದ್ದವು. ಕಾಲು ಹಿಂದಕ್ಕೆ ಎಳೆದುಕೊಂಡೆ. ಸೀಟಿಗೆ ತಲೆ ಆನಿಸಿದೆ.

ಕಣ್ಣು ತೆರೆದಾಗ ಕಾರು ನಿಂತಿತ್ತು. ಹೊರಗೆ ಬಾಗಿಲಿಗೆ ಕಟ್ಟಿದ ತೋರಣ ಕಾಣುತ್ತಿತ್ತು.

"ನಿಪ್ಪಾಣಿಯಿಂದ ಗೊರಕಿ ಹೊಡಿಯಾಕತ್ತಿದ್ದಿ, ಅಪ್ಪಾ," ಎಂದಳು ಗಿರಿಜಾ. "ಏಳ ಇನ್ನ, ಊಟಕ್ಕ ಕರಿಯಾಕತ್ತಾರ."