ಸೋದರಮಾವನ ತೊಡೆ

ಅಕ್ಕ ಫೋನ್ ಮಾಡಿ "ನನ್ನ ಬಂಗಾರದಂಥಾ ತಮ್ಮಾ" ಎಂದಾಗಲೇ ನಾನು ಫೋನ್ ಇಡಬೇಕಿತ್ತು. ಹುಟ್ಟಿದಾಗಿನಿಂದ ಅವಳು ನನ್ನನ್ನು ಏನೇನೋ ಹೆಸರಿಟ್ಟು ಕರೆದಿದ್ದಾಳೆ, ಅದರಲ್ಲಿ ಬಂಗಾರ ಎಂಬ ಲೋಹ ಒಮ್ಮೆಯೂ ಬಂದಿರಲಿಲ್ಲ. ಒಲೆಯ ಮೇಲಿನ ಹಾಲು ನೋಡಿಕೋ ಎಂದು ಹೇಳುವಷ್ಟು ನಂಬಿಕೆಯೂ ಅವಳಿಗೆ ನನ್ನ ಮೇಲಿಲ್ಲ. ಅಂಥವಳು ಹೇಳುತ್ತಾಳೆ, "ರವಿವಾರ ಹುಬ್ಬಳ್ಳಿಗೆ ಬರಾಕತ್ತೇವಿ. ನಂಗ ಪ್ಯಾಟ್ಯಾಗ ಕೆಲಸ ಅದ. ಹುಡುಗ್ರನ್ನ ನಿನ್ನ ಕೈಯಾಗ ಕೊಡ್ತೇನಿ, ಊರು ತೋರ್ಸು."

"ಯಾಕ?" ಎಂದೆ.

"ಯಾಕಂದ್ರ? ಮಾಮಾ ಅಲ್ಲೇನು ನೀ ಅವರಿಗೆ?"

ಆ 'ಮಾಮಾ' ಎನ್ನುವುದರಲ್ಲಿ ತುಪ್ಪ ಸ್ವಲ್ಪ ಹೆಚ್ಚಾಗಿತ್ತು. ಅಕ್ಕನ ತುಪ್ಪದ ಅನುಭವ ನನಗೆ ಮೊದಲೇ ಇತ್ತು.

ಕೆಲವು ವರ್ಷದ ಹಿಂದೆ ಹೀಗೆಯೇ "ಹೋಳಿಗಿ ಮಾಡೇನಿ, ಬಾ" ಎಂದು ತನ್ನ ಊರು ಮುಗದಕ್ಕೆ ಕರೆಸಿದ್ದಳು. ಹೋದೆ. ಪಡಸಾಲೆಯಲ್ಲಿ ಹೋಳಿಗೆಯ ಬದಲು ಚಿನ್ನದ ಕೆಲಸದ ಪತ್ತಾರರು ಸೂಜಿ ಹಿಡಿದು ಕುಳಿತಿದ್ದರು. ನಮ್ಮ ಕಡೆ ಮಗುವಿನ ಕಿವಿ ಚುಚ್ಚುವಾಗಲೂ, ಮೊದಲ ಸಲ ತಲೆ ಬೋಳಿಸುವ ಜಾವಳದಲ್ಲೂ, ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ಈ ಪದ್ಧತಿ ಮಾಡಿದ ಹಿರಿಯರು ನನ್ನಂಥ ಸೋದರಮಾವನನ್ನು ಕಂಡಿರಲಿಕ್ಕಿಲ್ಲ. ಅಕ್ಕನ ಮಗಳಿಗೆ "ಮಾಮಾ ಐಸ್‌ಕ್ರೀಮ್ ತರ್ತಾನ" ಎಂದು ಹೇಳಿದ್ದರಂತೆ. ಅವಳು ಐಸ್‌ಕ್ರೀಮ್ ಹುಡುಕುತ್ತ ಬಂದು ನನ್ನ ತೊಡೆಯ ಮೇಲೆ ಕುಳಿತಳು, ನಾನು ಹೋಳಿಗೆ ಹುಡುಕುತ್ತ ಕುಳಿತೆ. ಬಲಗಿವಿ ಸುಸೂತ್ರವಾಯಿತು. ಎಡಗಿವಿಯ ಹೊತ್ತಿಗೆ ನಾನು ಬಲಗಿವಿಯ ಮೇಲೆ ಸಾಸಿವೆಯಷ್ಟು ರಕ್ತ ನೋಡಿಬಿಟ್ಟೆ. ಮುಂದಿನದನ್ನು ನನಗೆ ಬೇರೆಯವರು ಹೇಳಿದ್ದು. ನಾನು ಜೋಳದ ಚೀಲದ ಹಾಗೆ ಒಂದು ಕಡೆ ವಾಲಿದೆನಂತೆ, ನನ್ನ ಜೊತೆ ಹುಡುಗಿಯೂ ವಾಲಿದಳಂತೆ, ಸೂಜಿ ಮಾತ್ರ ಇದ್ದಲ್ಲೇ ಇತ್ತಂತೆ. ಅಂದಿನಿಂದ ಅವಳ ಎಡಗಿವಿಯ ರಿಂಗು ಬಲಗಿವಿಯದಕ್ಕಿಂತ ಕೆಳಗೆ ನೇತಾಡುತ್ತದೆ. ಅಂದಿನಿಂದ ಅವಳು ನನ್ನ ತೊಡೆಯ ಮೇಲೆ ಕುಳಿತಿಲ್ಲ. ನಾನು ಕೊಟ್ಟ ಚಾಕಲೇಟನ್ನು ಕೂಡ ಮೊದಲು ನಾಯಿಗೆ ತೋರಿಸಿ ತಿನ್ನುತ್ತಾಳೆ.

ಈಗ ಅವಳಿಗೆ ಎಂಟು. ಅವಳ ತಮ್ಮನಿಗೆ ಮೂರು, ಜಾವಳ ಇನ್ನೂ ಆಗಿಲ್ಲ. ಹೀಗಾಗಿ ಅವನ ಕೂದಲು ಭುಜಕ್ಕೆ ಇಳಿದಿದೆ. ದಿನಾ ಬೆಳಿಗ್ಗೆ ಅವನನ್ನು ಹಿಡಿದು ಕೂರಿಸಿ ಎರಡು ಜಡೆ ಹಾಕುವುದು ಅಕ್ಕನ ಮಗಳ ಕೆಲಸ. ಸಾಲೆಗೆ ತಡವಾದರೂ ಅಡ್ಡಿಯಿಲ್ಲ, ಜಡೆ ತಪ್ಪುವಂತಿಲ್ಲ. ಆ ಕೂದಲನ್ನು ಯಾರಾದರೂ ಮುಟ್ಟಿದರೆ ಅವಳು ಕಚ್ಚುತ್ತಾಳೆ. ಇದು ಹೋಲಿಕೆಯಲ್ಲ, ಅವಳ ಚಿಕ್ಕಪ್ಪನ ಕೈಮೇಲೆ ಗುರುತಿದೆ.

ರವಿವಾರ ಬೆಳಿಗ್ಗೆ ನಾನು ನವನಗರದ ನನ್ನ ರೂಮಿನಿಂದ ಹೊರಟು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನಿಂತೆ. ರೈಲು ಬಂತು. ಮೊದಲು ಅಕ್ಕ ಇಳಿದಳು, ಹಿಂದೆ ಹುಡುಗಿ, ಅವಳ ಹಿಂದೆ ಹುಡುಗ. ಹುಡುಗಿ ತಮ್ಮನ ಒಂದು ಜಡೆಯನ್ನು ಕರುವಿನ ಹಗ್ಗದ ಹಾಗೆ ಹಿಡಿದಿದ್ದಳು. ಅಕ್ಕ ನನ್ನ ಕೆನ್ನೆ ಸವರಿ "ಸೊರಗೀಯಲ್ಲೋ" ಎಂದಳು. ನನ್ನ ಅನುಮಾನ ಗಟ್ಟಿಯಾಯಿತು. ಅವಳು ಹಳೇ ಹುಬ್ಬಳ್ಳಿಯ ಕಡೆ ಆಟೋ ಹತ್ತಿದ ಕೂಡಲೇ ನನ್ನ ತಪಾಸಣೆ ಶುರುವಾಯಿತು.

"ಕಿಸೇದಾಗ ಏನದ?" ಹುಡುಗಿ ಕೇಳಿದಳು.

"ಬಾಚಣಿಗಿ."

"ಯಾರಿಗೆ?"

"ನನಗವ್ವಾ. ತಲಿ ಬಾಚ್ಕೊಳ್ಳಾಕ."

ಅವಳು ನನ್ನ ಹಣೆಯಿಂದ ಮೇಲಕ್ಕೆ, ಇನ್ನೂ ಮೇಲಕ್ಕೆ ನೋಡಿದಳು. "ಅಲ್ಲಿ ಬಾಚಾಕ ಏನುಳದದ?"

ಮಾತು ಬದಲಿಸಬೇಕಾಯಿತು. ಮಕ್ಕಳು ದೊಡ್ಡ ಊರಿಗೆ ಬಂದರೆ ಏನು ತೋರಿಸಬೇಕು ಎಂದು ನಾನು ಮೂರು ದಿನ ಮೊಬೈಲ್ ನೋಡಿ ತಯಾರಾಗಿದ್ದೆ. ಕೈ ಚಾಚಿ ಹೇಳಿದೆ, "ನೋಡ್ರಿ, ಎಷ್ಟು ದೊಡ್ಡ ರೈಲು!"

"ಮಾಮಾ, ನಾವು ಈಗರ ಅದರಾಗಿಂದ ಇಳದೇವಿ."

ಉಣಕಲ್ ಕೆರೆಯ ಉದ್ಯಾನಕ್ಕೆ ಹೋದೆವು. ಜಾರುಬಂಡಿ ಕಂಡು ಹುಡುಗ ಓಡಿದ. ಹುಡುಗಿಯ ಮುಖವೂ ಒಂದು ಕ್ಷಣ ಸಡಿಲವಾಯಿತು. ಅಷ್ಟರಲ್ಲಿ ಪೊದೆಯ ಹಿಂದಿನಿಂದ ಮಾಲಿಯೊಬ್ಬ ಎದ್ದು ನಿಂತ, ಕೈಯಲ್ಲಿ ಮೊಳದುದ್ದದ ಕತ್ತರಿ. ಬೇಲಿಯ ಗಿಡ ಕತ್ತರಿಸುತ್ತಿದ್ದ, ಪಾಪ. ಹುಡುಗಿ ತಮ್ಮನನ್ನು ಜಾರುಬಂಡಿಯ ನಡುವಿನಿಂದಲೇ ಎಳೆದುಕೊಂಡು ಗೇಟಿನ ತನಕ ಓಡಿದಳು. ನಾನೂ ಹಿಂದೆ ಓಡಿದೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಎಲ್ಲರ ಮೊಬೈಲಿನಲ್ಲೂ ಹರಿದಾಡುವ ಕಾಲ ಇದು. ಇಬ್ಬರು ಮಕ್ಕಳನ್ನು ಅಟ್ಟಿಸಿಕೊಂಡು ಹೋಗುವ, ಗಡ್ಡ ಬಿಟ್ಟ ತರುಣ ಹೇಗೆ ಕಾಣುತ್ತಾನೆ? ಬೆಂಚಿನ ಮೇಲಿದ್ದ ಅಜ್ಜ ಒಬ್ಬರು ಕೋಲು ಗಟ್ಟಿಯಾಗಿ ಹಿಡಿದುಕೊಂಡರು. ಚುರಮುರಿ ಮಾರುವವನು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೆನಪಿಟ್ಟುಕೊಂಡ.

"ಅವನನ್ನ ನೀ ಕರಿಸಿದ್ಯೇನು?" ಗೇಟಿನ ಹೊರಗೆ ಹುಡುಗಿ ಕೇಳಿದಳು.

"ಯಾರನ್ನ?"

"ಕತ್ತರಿಯವನ್ನ."

"ಏ ಹುಚ್ಚಿ, ಅಂವ ಗಿಡದ ಕಟಿಂಗ್ ಮಾಡ್ತಾನ!"

"ಕಟಿಂಗ್ ಅಂದಿ ನೋಡು," ಎಂದಳು. ನಾನು ಸಿಕ್ಕಿಬಿದ್ದೆ.

ಕತ್ತರಿಯೇ ಇಲ್ಲದ ಜಾಗ ಯಾವುದು ಎಂದು ಯೋಚಿಸಿ ಮಾಲಿಗೆ ಕರೆದೊಯ್ದೆ. ಕತ್ತರಿಯ ಆ ಮಾಲಿಯಲ್ಲ, ತಣ್ಣನೆಯ ಗಾಳಿ ಬಿಡುವ, ಮೂರಂತಸ್ತಿನ ಅಂಗಡಿಗಳ ಮಾಲ್. ಅಲ್ಲಿ ತಾವೇ ಏರುವ ಮೆಟ್ಟಿಲುಗಳಿವೆ. ಹುಡುಗಿ ತಮ್ಮನ ಜಡೆ ಹಿಡಿದು ಟಣ್ಣನೆ ಹತ್ತಿ ಮಹಾರಾಣಿಯ ಹಾಗೆ ಮೇಲೆ ಹೋದಳು. ನಾನು ಒಂದು ಕಾಲು ಮೇಲಿನ ಮೆಟ್ಟಿಲಿಗೆ, ಒಂದು ಕಾಲು ಕೆಳಗಿನ ಮೆಟ್ಟಿಲಿಗೆ ಇಟ್ಟು, ನಡುವೆ ಎರಡು ಭಾಗವಾಗುತ್ತ, ಮುಂದಿದ್ದ ಅಜ್ಜಿಯ ಸೆರಗು ಹಿಡಿದುಕೊಂಡು ಮೇಲೆ ಬಂದೆ. "ಬಿಡಪಾ ಸಾಕು, ಮುಟ್ಟೇವಿ," ಎಂದರು ಆ ಅಜ್ಜಿ.

ಮೇಲಿನ ಅಂತಸ್ತಿನಲ್ಲಿ, ಗಾಜಿನ ಗೋಡೆಯ ಆಚೆ, ಒಂದು ಕೆಂಪು ಕಾರು ನಿಂತಿತ್ತು. ಮಕ್ಕಳು ಕೂರುವಷ್ಟೇ ದೊಡ್ಡದು. ಸ್ಟಿಯರಿಂಗ್ ಇತ್ತು, ಹಾರ್ನ್ ಇತ್ತು. ಹುಡುಗ "ಕಾರ್! ಕಾರ್!" ಎಂದು ಕುಣಿದ. ಬೆಳಗಿನಿಂದ ಒಂದೂ ಕೆಲಸ ಸರಿಯಾಗದ ನನಗೆ ದೇವರೇ ಕಾರು ಕಳಿಸಿದ ಹಾಗಾಯಿತು. ಹುಡುಗಿ ಪಕ್ಕದ ಅಂಗಡಿಯ ಬೊಂಬೆ ನೋಡುತ್ತ ಮೊದಲ ಸಲ ಜಡೆ ಬಿಟ್ಟಿದ್ದಳು. ನಾನು ಬಾಗಿಲು ತಳ್ಳಿ ಒಳಗೆ ಹೋಗಿ ಹುಡುಗನನ್ನು ಕಾರಿನಲ್ಲಿ ಕೂರಿಸಿದೆ. ಕಾರಿನ ಎದುರು ದೊಡ್ಡ ಕನ್ನಡಿ ಏಕಿದೆ ಎಂಬ ಪ್ರಶ್ನೆ ನನಗೆ ಹುಟ್ಟಲೇ ಇಲ್ಲ. ಒಬ್ಬಳು ನಗುತ್ತ ಬಂದು ಹುಡುಗನ ಕೊರಳಿಗೆ ಆನೆಯ ಚಿತ್ರದ ಬಟ್ಟೆ ಕಟ್ಟಿದಳು. ದೊಡ್ಡ ಊರಿನಲ್ಲಿ ಕಾರು ಓಡಿಸಲಿಕ್ಕೂ ಬಟ್ಟೆ ಕಟ್ಟುತ್ತಾರೆ ಎಂದುಕೊಂಡೆ. "ಎಷ್ಟು ಸಣ್ಣ ಮಾಡ್ಲಿ ಸರ್?" ಎಂದಳು. ಹಾರ್ನಿನ ಸದ್ದನ್ನು ಕೇಳುತ್ತಿದ್ದಾಳೆ ಎಂದು ತಿಳಿದು, "ಸ್ವಲ್ಪ ಸಣ್ಣ ಮಾಡ್ರಿ, ಮಂದಿಗೆ ತ್ರಾಸ ಆಗ್ತದ" ಎಂದೆ.

ಅವಳು ಕತ್ತರಿ ತೆಗೆದಳು.

ಗಾಜಿನ ಆಚೆಯಿಂದ ಬಂದ ಕೂಗು ಮೂರೂ ಅಂತಸ್ತಿಗೆ ಕೇಳಿಸಿತು. ಹುಡುಗಿ ಒಳಗೆ ನುಗ್ಗಿ, ಕಾರಿನ ಮೇಲೆ ಹತ್ತಿ, ತಮ್ಮನ ತಲೆಯ ಮೇಲೆ ಮಲಗಿಬಿಟ್ಟಳು. ಕತ್ತರಿಯವಳು ಹಿಂದೆ ಸರಿದಳು. ನಾನು "ಇದು ಕಾರಲ್ಲೇನ್ರಿ?" ಎಂದು ಕೇಳುತ್ತಿರುವಾಗ ಮೀಸೆಯ ಸೆಕ್ಯುರಿಟಿಯವರು ಬಂದರು.

"ಯಾರಪಾ ನೀನು ಇವರಿಗೆ?"

"ಮಾಮಾರೀ."

"ನಿನ್ನ ಕೇಳಿಲ್ಲ. ಏ ಪುಟ್ಟಿ, ಇಂವ ಯಾರು?"

ಹುಡುಗಿ ನನ್ನನ್ನು ನೋಡಿದಳು. ಎಡಗಿವಿಯ ರಿಂಗು ಅಲುಗಾಡುತ್ತಿತ್ತು. ಕಣ್ಣಲ್ಲಿ ನೀರು ತುಂಬಿತ್ತು.

"ಗೊತ್ತಿಲ್ಲ," ಎಂದಳು.

ಜನ ಸೇರಿದರು. ನನಗೆ ಜನರ ಭಯಕ್ಕಿಂತ ಆ ಮಾತಿನ ನೋವೇ ಹೆಚ್ಚಾಯಿತು. ಅವಳು ಸಿಟ್ಟಿಗೆ ಹೇಳಿರಲಿಲ್ಲ, ಯೋಚಿಸಿ ಹೇಳಿದ್ದಳು. ಹುಡುಗ ಮಾತ್ರ ಹಾರ್ನ್ ಒತ್ತುತ್ತ "ಮಾಮಾ, ಪೇಂ ಪೇಂ" ಎಂದದ್ದು ಸ್ವಲ್ಪ ಕೆಲಸಕ್ಕೆ ಬಂತು. ಸೆಕ್ಯುರಿಟಿಯವರು ನನ್ನ ಫೋನಿನಿಂದಲೇ ಅಕ್ಕನಿಗೆ ಹಚ್ಚಿ, ಮಕ್ಕಳ ಕಟಿಂಗ್ ಅಂಗಡಿಯಲ್ಲಿ ನಡೆದದ್ದನ್ನು ಹೇಳಿದರು.

"ಅವ್ವಾರ, ನಿಮ್ಮ ತಮ್ಮ ಹೆಂಗದಾನ ಹೇಳ್ರಿ... ಹಾಂ... ಹಾಂ... ಹಣಿ ದೊಡ್ಡದು... ಹೌದ್ರಿ, ಬಾಯಿ ತಕ್ಕೊಂಡಽ ನಿಂತಾನ್ರಿ... ಹಂಗಾರ ಇವನಽ ಬಿಡ್ರಿ."

ಫೋನ್ ನನ್ನ ಕೈಗೆ ಬಂತು. ಅಕ್ಕನ ತುಪ್ಪವೆಲ್ಲ ಆವಿಯಾಗಿತ್ತು.

"ಕತ್ತರಿ ಮುಟ್ಟಿಸಿದ್ರೇನೋ ಮೂಳಾ? ಒಂದು ಎಳಿ ಹೋಗಿರಬಾರದು! ನಾಳೆ ಸೋಮವಾರ ದೇವರ ಮುಂದ ಜಾವಳ ಇಟ್ಟೇವಿ!"

"ನಾಳೇನು? ಯಾರ ತೊಡಿ ಮ್ಯಾಲೆ?"

"ನನಗ ಹತ್ತು ಮಂದಿ ತಮ್ಮಂದಿರು ಅದಾರೇನು? ಅದಕ್ಕ ಬಟ್ಟಿ ತರಾಕ ಬಂದೇನಿ. ಮೊದಲಽ ಹೇಳಿದ್ರ ನಿನಗ ಜ್ವರಾ ಬರ್ತದ. ಸಂಜೀಕ ನಮ್ಮ ಜೋಡಿ ಮುಗದಕ್ಕ ಬಾ. ಆಕಿಗಿ ಮಾತ್ರ ಹೇಳಬ್ಯಾಡ, ತಮ್ಮನ್ನ ತಗೊಂಡು ಕಬ್ಬಿನ ಹೊಲದಾಗ ಹೊಕ್ಕಾಳು. ನಾಳೆ ಐಸ್‌ಕ್ರೀಮ್ ಅದ ಅಂತ ಹೇಳು, ಸಾಕು."

ಅಂದರೆ ಹುಡುಗಿಯ ಅನುಮಾನ ಖರೆ, ನನ್ನದೂ ಖರೆ. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಊರು ಸುತ್ತಲು ಬಿಟ್ಟಿದ್ದಳು ಅಕ್ಕ.

ಮಾಲ್‌ನ ಹೊರಗೆ ಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಮಕ್ಕಳಿಗೆ ಚುರಮುರಿ ಕಲಸಿದ ಗಿರ್ಮಿಟ್ಟು ಕೊಡಿಸಿ ಕಟ್ಟೆಯ ಮೇಲೆ ಕೂರಿಸಿದೆ. ಹುಡುಗ ತಿಂದ. ಹುಡುಗಿ ತಟ್ಟೆ ಮುಟ್ಟಲಿಲ್ಲ. ಅದನ್ನು ಆಚೆ ಸರಿಸಿ ಕೇಳಿದಳು.

"ಫೋನ್‌ನ್ಯಾಗ ಅವ್ವ ಏನಂದ್ಲು?"

ಐಸ್‌ಕ್ರೀಮ್ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಸಂಜೆಯ ತನಕ ಶಾಂತಿ. ಆದರೆ ಅವಳು ನನ್ನ ಬಾಯಿ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು, ಏನಾದರೂ ಅಡಗಿಸಿಟ್ಟಿದ್ದೇನೆಯೇ ಎಂದು. ಬಾಚಣಿಗೆ ತೆಗೆದು ಅವಳ ಪಕ್ಕದಲ್ಲಿಟ್ಟೆ.

"ನಾಳೆ ಇವನ ಜಾವಳ," ಎಂದೆ. "ಕೂದ್ಲಾ ಎಲ್ಲಾ ಹೋಗ್ತದ. ನನ್ನ ತೊಡಿ ಮ್ಯಾಲೆ. ನಂಗೂ ಈಗ ಗೊತ್ತಾತು."

ಅವಳು ಕೂಗಲಿಲ್ಲ. ತಮ್ಮನ ಜಡೆಯ ತುದಿಯ ರಿಬ್ಬನ್ ಬಿಚ್ಚಿದಳು, ಮತ್ತೆ ಕಟ್ಟಿದಳು.

"ಮತ್ತ ಬರ್ತಾವೇನು?"

"ಬರ್ತಾವ. ನನ್ನವಷ್ಟಽ ಬರೂದಿಲ್ಲ."

ಅವಳು ನಗಲಿಲ್ಲ. "ಮುಂಜಾನೆ ಜಡಿ ನಾನಽ ಹಾಕಾಕಿ. ದೇವರ ಮುಂದ ಹೋಗೂ ತನಕಾ ಯಾರೂ ಬಿಚ್ಚಬಾರದು."

"ಆತು."

"ನೀ ಬೀಳ್ತಿ."

"ಬೀಳೂದಿಲ್ಲ."

"ಬೀಳ್ತಿ," ಎಂದು ಹೇಳಿ ಗಿರ್ಮಿಟ್ಟಿನ ತಟ್ಟೆ ಹತ್ತಿರ ಎಳೆದುಕೊಂಡಳು.

ಸೋಮವಾರ ಮುಗದದ ಮನೆಯಲ್ಲಿ ದೇವರ ಮುಂದೆ ಹುಡುಗ ಎರಡು ಬಿಗಿಯಾದ ಜಡೆ, ಎರಡು ಕೆಂಪು ರಿಬ್ಬನ್ನಿನೊಂದಿಗೆ ನನ್ನ ತೊಡೆಯ ಮೇಲೆ ಕುಳಿತ. ಕ್ಷೌರದವರು ನೀರು ಚಿಮುಕಿಸಿದರು. ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು, ಮಗಳು ಹೊಲಕ್ಕೆ ಓಡದಂತೆ. ಮಗಳು ಓಡಲಿಲ್ಲ. ಬಂದು ನನ್ನ ಬೆನ್ನ ಹಿಂದೆ ನಿಂತು, ಎರಡೂ ಮೊಣಕಾಲುಗಳನ್ನು ನನ್ನ ಬೆನ್ನಿಗೆ ಒತ್ತಿ, ಎರಡೂ ಕೈಗಳಿಂದ ನನ್ನ ಭುಜ ಹಿಡಿದಳು.

ಅಕ್ಕನ ಕಣ್ಣು ಸಣ್ಣದಾಯಿತು. "ಇದೇನಿದು? ಅಳಾಕತ್ತಿಲ್ಲ? ನಿಂಗ ಇದನ್ನ ಯಾರು ಹೇಳಿದ್ರು?"

ನಾನು ನೆಲ ನೋಡಿದೆ.

"ಯಾರೂ ಹೇಳಿಲ್ಲ," ಎಂದಳು ಹುಡುಗಿ. "ನಂಗ ಮೊದಲಽ ಗೊತ್ತಿತ್ತು."

ಆಮೇಲೆ, ಕತ್ತಿಯ ಸದ್ದು ಶುರುವಾದಾಗ, ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು, "ಮಾಮಾ, ಕೆಳಗ ನೋಡಬ್ಯಾಡ. ಗ್ವಾಡಿ ಮ್ಯಾಲೆ ಹಲ್ಲಿ ಅದ, ಅದನ್ನ ನೋಡು."