ಮೂರು ಬೆರಳಿನ ಬಾಯಿ

ಆಪರೇಷನ್ನಿಗೆ ಮುಂಚೆ ರೋಗಿಗೆ ಅರಿವಳಿಕೆ ಕೊಟ್ಟು, ಗಂಟಲಿಗೆ ಉಸಿರಿನ ನಳಿಕೆ ಇಳಿಸುವುದು ಆ ಮನೆಯ ಸೊಸೆಯ ಕೆಲಸ. ಹಾಗಾಗಿ ಯಾರನ್ನು ಕಂಡರೂ ಅವಳ ಕಣ್ಣು ಮೊದಲು ಹೋಗುವುದು ಕತ್ತಿಗೆ, ಗಲ್ಲಕ್ಕೆ. ಗಂಡನನ್ನು ಮೊದಲ ಸಲ ಕಂಡಾಗಲೂ ‘ಉದ್ದ ಕತ್ತು, ಒಳ್ಳೆ ಗಲ್ಲ, ನಳಿಕೆ ಇಳಿಸಲು ತೊಂದರೆಯಿಲ್ಲ’ ಎಂದುಕೊಂಡಿದ್ದಳು. ಪಕ್ಕದಲ್ಲಿ ಕೂತಿದ್ದ ಅವನ ತಾಯಿಯನ್ನು ನೋಡಿ ಮಾತ್ರ ಎದೆ ಧಸಕ್ಕೆಂದಿತ್ತು: ಗಿಡ್ಡ ಕತ್ತು, ಒಳಸರಿದ ಗಲ್ಲ. ‘ದೇವರೇ, ಇವರು ನನ್ನ ಕೈಗೆ ಸಿಗದಿರಲಿ!’ ತಾನು ಅವರ ಕೈಗೆ ಸಿಗುತ್ತಿದ್ದೇನೆಂಬುದು ಆಗ ಹೊಳೆಯಲಿಲ್ಲ.

ಮನೆಯಲ್ಲಿ ಅವಳು ಪುಕ್ಕಲಿಯೆಂದೇ ಹೆಸರುವಾಸಿ. ಗಂಟಲಿಗೆ ಸಿಕ್ಕೀತೆಂದು ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿಯೇ ತನ್ನ ಮಗುವಿಗೆ ಕೊಡುವವಳು. ಮಗು ಕೆಮ್ಮಿದರೆ ಇವಳ ಜೀವ ಬಾಯಿಗೆ ಬರುತ್ತಿತ್ತು.

“ಐದು ಮಕ್ಕಳನ್ನ ಸಾಕಿದೀನಿ, ಡಾಕ್ಟರಮ್ಮ. ದ್ರಾಕ್ಷಿ ನುಂಗಿ ಯಾರೂ ಸತ್ತಿಲ್ಲ. ಇನ್ನು ನೀರನ್ನೂ ಸೀಳಿ ಕುಡಿಸು!” ಎನ್ನುತ್ತಿದ್ದರು ಅತ್ತೆ. ಆ ಬಾಯಿಗೆ ಬೀಗವಿಲ್ಲವೆಂದು ಮಾವನೇ ಹೇಳುತ್ತಿದ್ದರು.

ಅದೇ ಬಾಯಲ್ಲಿ ಒಂದು ದವಡೆ ಹಲ್ಲು ಕೊಳೆತು ಕೀವಾಯಿತು. ಸೊಸೆಗೆ ಗೊತ್ತಾದರೆ ರಾದ್ಧಾಂತವೆಂದು ಅತ್ತೆ ಲವಂಗ ಕಚ್ಚಿಕೊಂಡು ಸುಮ್ಮನಿದ್ದರು. ಮಾತು ಕಮ್ಮಿಯಾಯಿತಲ್ಲ ಎಂದು ಮನೆಯವರೆಲ್ಲ ಒಳಗೊಳಗೇ ಖುಷಿಪಟ್ಟರು. ಸೊಸೆಯೂ.

ಒಂದು ಮಧ್ಯಾಹ್ನ ಗಂಡ ತಾಯಿಯನ್ನು ಅವಳದೇ ಆಸ್ಪತ್ರೆಯ ತುರ್ತು ವಾರ್ಡಿಗೆ ಹೊತ್ತು ತಂದ. ಹಲ್ಲಿನ ಕೀವು ಇಳಿದು ಗಲ್ಲದ ಕೆಳಗೆ ಕಲ್ಲಿನಂಥ ಬಾವು, ಮೇಲೆದ್ದ ನಾಲಿಗೆ, ಸುರಿಯುವ ಜೊಲ್ಲು. ಉಸಿರು ಸುಯ್‌ಗುಡುತ್ತಿತ್ತು.

“ಬಾಯಿ ತೆಗೀರಿ ಅತ್ತೆ.”

ಮೂರು ಬೆರಳು ಹಿಡಿಸಬೇಕಾದ ಬಾಯಲ್ಲಿ ಒಂದೇ ಹಿಡಿಸಿತು. ವರ್ಷಗಟ್ಟಲೆ ಮುಚ್ಚದ ಬಾಯಿ, ಬೇಕಾದಾಗ ತೆರೆಯಲೊಲ್ಲದು.

ಅರಿವಳಿಕೆಯ ಉಳಿದ ಡಾಕ್ಟರುಗಳೆಲ್ಲ ಬೇರೆ ಆಪರೇಷನ್ನುಗಳಲ್ಲಿದ್ದರು; ಅತ್ತೆ ಇವಳ ಕೈಗೇ ಸಿಕ್ಕಿದ್ದರು. ಗಂಟಲಿನ ಸರ್ಜನ್ ಅವಸರ ಮಾಡಿದರು. “ಮಲಗಿಸಿ, ನಿದ್ದೆ ಬರಿಸಿ, ಟ್ಯೂಬ್ ಹಾಕಿ ಮೇಡಂ. ಎರಡು ನಿಮಿಷದ ಕೆಲಸ.”

“ನಿದ್ದೆ ಬರಿಸಿದ್ರೆ ಉಸಿರಿಗೆ ಇರೋ ದಾರೀನೂ ಮುಚ್ಕೊಳ್ಳತ್ತೆ ಸರ್. ಕೂತ ಹಾಗೇ, ಎಚ್ಚರದಲ್ಲೇ ಮೂಗಿಂದ ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ನೀವು ಕತ್ತಿನ ಹತ್ರ ಕೊಯ್ದು ದಾರಿ ಮಾಡಿ. ಈಗ್ಲೇ ಗುರುತು ಹಾಕ್ಕೊಂಡು ನಿಂತಿರಿ.”

“ತುಂಬಾ ಪುಕ್ಕಲು ನೀವು.”

“ಹೌದು ಸರ್. ನಮ್ಮತ್ತೇನೂ ಅದನ್ನೇ ಹೇಳ್ತಾರೆ.”

ಮೂಗು, ಗಂಟಲು ಮರಗಟ್ಟಲು ಔಷಧಿ ಸಿಂಪಡಿಸಿ, ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳನೆಯ ಕೊಳವೆಯನ್ನು ಒಳಗೆ ಬಿಟ್ಟಳು. ಪರದೆಯ ಮೇಲೆ ಬರೀ ಊದಿದ ಮಾಂಸ, ಜೊಲ್ಲು. ರಕ್ತದ ಆಕ್ಸಿಜನ್ ಅಳೆಯುವ ಯಂತ್ರದ ದನಿ, ಆಕ್ಸಿಜನ್ ಇಳಿದ ಹಾಗೆ, ಇಳಿಯತೊಡಗಿತು. ಸರ್ಜನ್ ಚಾಕು ಎತ್ತಿಕೊಂಡರು. ಗಾಬರಿಯಾದ ಅತ್ತೆ ಸೊಸೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

“ಅತ್ತೆ, ಇದೊಂದ್ಸಲ ನನ್ನ ಮಾತು ಕೇಳಿ. ಕೈ ಬಿಡಿ. ಉದ್ದಕ್ಕೆ ಉಸಿರೆಳ್ಕೊಳ್ಳಿ.”

ಅತ್ತೆ ಕೈ ಬಿಟ್ಟರು. ಮರುಮಾತಿಗೆ ಬಾಯಲ್ಲಿ ಜಾಗವೂ ಇರಲಿಲ್ಲ. ಉಸಿರೆಳೆದಾಗ ಮಾಂಸದ ನಡುವೆ ಕಪ್ಪು ಸೀಳೊಂದು ತೆರೆಯಿತು. ಕೊಳವೆ ನುಸುಳಿತು, ಅದರ ಮೇಲೆಯೇ ಟ್ಯೂಬ್ ಜಾರಿ ಇಳಿಯಿತು. ನಿದ್ದೆ ಬರಿಸಿದ್ದು ಆಮೇಲೆ. ಸರ್ಜನ್ ಚಾಕು ಕೆಳಗಿಟ್ಟದ್ದೂ ಆಮೇಲೆಯೇ.

ಬಾವು ಇಳಿದು ಟ್ಯೂಬ್ ತೆಗೆದ ದಿನ ಅತ್ತೆಯ ಮೊದಲ ಮಾತು: “ನನ್ನ ಬಾಯಿ ಮುಚ್ಚಿಸೋಕೆ ಚಾಕು ಬೇರೆ ತರಿಸಿದ್ಯೇನೇ?”

ಈಗ ಅತ್ತೆ ಒಂದು ಗಳಿಗೆ ಸುಮ್ಮನಾದರೆ ಸಾಕು, ಸೊಸೆ ಟಾರ್ಚ್ ಹಿಡಿದು ಓಡಿಬರುತ್ತಾಳೆ: “ಬಾಯಿ ತೆಗೀರಿ!” ಅದಕ್ಕೆ ಹೆದರಿ ಅವರು ಮಾತು ನಿಲ್ಲಿಸುವುದೇ ಇಲ್ಲ, ಮೊಮ್ಮಗುವಿಗೆ ದ್ರಾಕ್ಷಿ ಸೀಳುವಾಗಲೂ. ಕಿವಿಗಿಟ್ಟುಕೊಳ್ಳಲು ಆಸ್ಪತ್ರೆಯಿಂದ ಒಂದಿಷ್ಟು ಹತ್ತಿ ತಂದುಕೊಡೆಂದು ಮಾವ ಸೊಸೆಯನ್ನು ಗುಟ್ಟಾಗಿ ಕೇಳಿದ್ದಾರೆ.