ಭಾವ ಸೆಂಟರಿಗೆ ಹೋಗುತ್ತಿದ್ದ ದಿನಗಳು

ನನ್ನ ಭಾವ ಮರಕ್ಕೆ ಪಾಲಿಶ್ ಹಾಕುವವರು. ಅರಗಿನ ಚೂರುಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಅದರಲ್ಲಿ ಅದ್ದಿ, ಬೀರುವಿನ ಬಾಗಿಲನ್ನು ಉಜ್ಜುತ್ತ ಹೋದರೆಂದರೆ ಸಂಜೆ ಹೊತ್ತಿಗೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು. ಕೆಲಸದಲ್ಲಿ ಎತ್ತಿದ ಕೈ. ಕುಡಿತದಲ್ಲೂ ಎತ್ತಿದ ಕೈಯೇ. ಅಕ್ಕ ಮೂಗು ಮುಚ್ಚಿಕೊಂಡಾಗಲೆಲ್ಲ, "ಪಾಲಿಶ್ ವಾಸನೆ ಕಣೇ, ನಿನ್ನಾಣೆ" ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅವಳು ನಂಬಿದ್ದಳು ಪಾಪ.

ಕುಡಿತ ಬಿಡಿಸಲು ಎರಡು ಸಲ ಆಸ್ಪತ್ರೆಗೆ ಸೇರಿಸಿದೆವು. ಒಳಗಿದ್ದಷ್ಟು ದಿನ ದೇವರಂಥ ಮನುಷ್ಯ. ಬಿಡುಗಡೆಯಾಗಿ ರಸ್ತೆ ತಿರುವು ದಾಟುವುದರೊಳಗೆ ಯಥಾಪ್ರಕಾರ. ಮೂರನೆಯ ಸಲ ಹೋದಾಗ ಡಾಕ್ಟರಮ್ಮ, ದಿನಾ ಬಂದು ಹೋಗುವ ಚಿಕಿತ್ಸೆಯೂ ಇದೆ ಎಂದರು. ಬೆಳಿಗ್ಗೆ ಸೆಂಟರಿಗೆ ಬರಬೇಕು, ಮಾತ್ರೆಯನ್ನು ನರ್ಸಮ್ಮನ ಕಣ್ಣೆದುರೇ ನುಂಗಬೇಕು, ಗುಂಪಿನಲ್ಲಿ ಕೂತು ಮಾತಾಡಬೇಕು, ಸಂಜೆ ಮನೆಗೆ ಹೋಗಬಹುದು. ಆ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮೈಯೆಲ್ಲ ಉರಿದು ಜೀವ ಬಾಯಿಗೆ ಬರುತ್ತದಂತೆ.

"ಮನೆಗೆ ಹೋಗೋ ದಾರೀಲೇ ಬಾರ್ ಇದೆ ಡಾಕ್ಟ್ರೇ," ಎಂದೆ ನಾನು.

"ಇರಲಿ ಬಿಡಿ. ಅದರ ಮುಂದೆ ನಡೆದು ಹೋಗೋದನ್ನ ಕಲೀಬೇಕಲ್ಲ. ವಾರ್ಡಿನೊಳಗೆ ಕೂರಿಸಿ ಅದನ್ನ ಕಲಿಸೋಕಾಗಲ್ಲ."

ಅಕ್ಕ ಒಪ್ಪಿದಳು. ಭಾವನ ಕಡೆ ತಿರುಗಿ, "ಇದೇ ಕೊನೆ. ಇನ್ನೊಂದು ಸಲ ಕುಡಿದು ಬಂದ್ರೆ ಮಗಳನ್ನ ಕರ್ಕೊಂಡು ಅಣ್ಣನ ಮನೆಗೆ ಹೋಗ್ತೀನಿ, ಮತ್ತೆ ಬರಲ್ಲ," ಎಂದಳು. ಅವಳು ಬೆದರಿಸುವ ಪೈಕಿಯಲ್ಲ. ಹೇಳಿದ್ದನ್ನು ಮಾಡಿಯೇ ತೀರುವವಳು.

ಅಕ್ಕನಿಗೆ ಬಟ್ಟೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ನಾನು ಅವರ ಜೊತೆಗೇ ಇದ್ದುಕೊಂಡು ಮನೆಯಲ್ಲೇ ರವಿಕೆ ಹೊಲಿಯುವವಳು. ಹಾಗಾಗಿ ಭಾವನನ್ನು ಸೆಂಟರಿಗೆ ಕರೆದೊಯ್ಯುವ ಭಾಗ್ಯ ನನ್ನ ಪಾಲಿಗೆ ಬಂತು. ಒಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತಲೂ ಹಾಕಿಕೊಂಡು ಕೂರುತ್ತಿದ್ದರು. ನಾನು ಹೊರಗಿನ ಬೆಂಚಿನ ಮೇಲೆ ಹುಕ್ಕು ಹೊಲಿಯುತ್ತಿದ್ದೆ. ಬಾಗಿಲು ತೆರೆದೇ ಇರುತ್ತಿದ್ದರಿಂದ ಎಲ್ಲ ಕೇಳಿಸುತ್ತಿತ್ತು. ಇವತ್ತು ಹೇಗನಿಸ್ತಿದೆ ಎಂದು ಕೇಳಿದರೆ ಒಬ್ಬರು ಅಳುತ್ತಿದ್ದರು, ಒಬ್ಬರು ಹೆಂಡತಿಯನ್ನು ಬೈಯುತ್ತಿದ್ದರು. ಭಾವನದು ದಿನವೂ ಒಂದೇ ಉತ್ತರ. "ಏನೂ ಅನಿಸ್ತಿಲ್ಲ."

"ನಿಮ್ಮ ಭಾವ ಜಾಣರಮ್ಮ," ಎಂದು ಅಲ್ಲಿಗೆ ಬರುತ್ತಿದ್ದ ಬಸ್ ಡ್ರೈವರ್ ಒಮ್ಮೆ ನಗಾಡಿದ. "ಒಂದೇ ಉತ್ತರ ಕಲ್ತಿದ್ದಾರೆ, ಯಾವ ಪ್ರಶ್ನೆಗೂ ಆಗುತ್ತೆ."

ನಿಜವಾಗಿಯೂ ಅವರಿಗೆ ಏನೂ ಅನಿಸುತ್ತಿರಲಿಲ್ಲ. ಬಡಿಸಿದರೆ ಉಣ್ಣುವರು, ಬಡಿಸದಿದ್ದರೆ ಕೇಳರು. ಮಗಳು ಬಹುಮಾನ ತಂದು ತೋರಿಸಿದರೆ "ಸರಿ" ಎನ್ನುವರು. ಬಾರಿನ ಮುಂದೆಯೂ ಹಾಗೆಯೇ, ಕಿರಾಣಿ ಅಂಗಡಿ ದಾಟಿದಂತೆ ದಾಟಿಬಿಡುತ್ತಿದ್ದರು. ಕುಡಿಯುವಾಗ ಜಗಳವಾದರೂ ಇತ್ತು, ಈಗ ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ. ನನಗೂ ಒಳಗೆಲ್ಲ ಜೋಮು ಹಿಡಿದಿತ್ತು. ನನಗೆ ಹೇಗನಿಸುತ್ತಿದೆ ಎಂದು ಯಾರೂ ಕೇಳಲಿಲ್ಲ, ಅದು ಬೇರೆ ಮಾತು.

ಕೆಲವು ತಿಂಗಳಾದ ಮೇಲೆ ಡಾಕ್ಟರಮ್ಮ, ಇನ್ನು ವಾರದಲ್ಲಿ ಕೆಲವು ದಿನ ಮಾತ್ರ ಬಂದರೆ ಸಾಕು, ಉಳಿದ ದಿನ ಮನೆಯಲ್ಲೇ ಮಾತ್ರೆ ನುಂಗಿ ಕೆಲಸಕ್ಕೆ ಹೋಗಲಿ ಎಂದರು. ಪೀಠೋಪಕರಣದ ಅಂಗಡಿಯ ಮಾಲೀಕ ಕಾಯುತ್ತಲೇ ಇದ್ದ. ಯಾರದೋ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆ ತುಂಬ ಬೀರು. ಧೂಳು ಕೂರಬಾರದೆಂದು ಕಿಟಕಿ ಬಾಗಿಲು ಮುಚ್ಚಿಕೊಂಡು ಭಾವ ಒಬ್ಬರೇ ಕೆಲಸಕ್ಕೆ ಕೂತರು. ಸಂಜೆ ಮಾಲೀಕನೇ ಅವರನ್ನು ವ್ಯಾನಿನಲ್ಲಿ ತಂದು ಇಳಿಸಿದ. ಮುಖ ಕೆಂಡವಾಗಿತ್ತು. ಮೈಯೆಲ್ಲ ಬೆವರು. ಹೊಸ್ತಿಲು ದಾಟುತ್ತಲೇ ವಾಂತಿ ಮಾಡಿಕೊಂಡರು. ಅಂಗಿಯಿಂದ ಗಪ್ಪೆಂದು ಅದೇ ಹಳೆಯ ವಾಸನೆ.

"ನಾನೇನೂ ನೋಡಿಲ್ಲಮ್ಮ," ಎಂದು ಮಾಲೀಕ ಜಾರಿಕೊಂಡ.

ಅಕ್ಕ ಭಾವನ ಎದುರು ನಿಂತಳು. "ಕುಡಿದ್ರಾ?"

ಭಾವ ಅವಳನ್ನೇ ನೋಡಿದರು. ಇಲ್ಲ ಎನ್ನಲಿಲ್ಲ. ಪಾಲಿಶ್ ವಾಸನೆ ಎಂದು ಆಣೆಯನ್ನೂ ಇಡಲಿಲ್ಲ. ತಲೆ ತಗ್ಗಿಸಿ ಗೋಡೆಗೊರಗಿ ಕೂತರು.

ಅಕ್ಕ ಕೂಗಾಡಲಿಲ್ಲ. ವಾಂತಿ ತೊಳೆದಳು, ಅವರ ಅಂಗಿ ಬದಲಿಸಿದಳು, ಹಾಸಿಗೆ ಹಾಸಿದಳು. ಆಮೇಲೆ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿ ಮಗಳ ಬಟ್ಟೆ ಮಡಚತೊಡಗಿದಳು. ನಾಯಿ ಬಾಲ ಡೊಂಕೇ ಎಂದು ನಾನು ಗೊಣಗಿದೆ. ಸಿಟ್ಟೂ ಪೂರ್ತಿ ಬರಲಿಲ್ಲ. ಪಕ್ಕದ ಮನೆಯಲ್ಲಿ ಏನೋ ಆಗುತ್ತಿದೆ ಅನ್ನುವ ಹಾಗಿತ್ತು.

ಬೆಳಿಗ್ಗೆ ನಾನೇ ಅವರನ್ನು ಸೆಂಟರಿಗೆ ಎಳೆದೊಯ್ದೆ. "ತಗೊಳ್ಳಿ, ಇನ್ನು ನೀವೇ ಇಟ್ಕೊಳ್ಳಿ," ಎಂದೆ. ಡಾಕ್ಟರಮ್ಮ ನಾಡಿ ಹಿಡಿದು, ಕಣ್ಣು ನೋಡಿ, ಎಲ್ಲವನ್ನೂ ಕೇಳಿಸಿಕೊಂಡರು.

"ನಿನ್ನೆ ಏನು ಕೆಲಸ ಮಾಡ್ತಿದ್ರಿ?"

"ಮರದ ಕೆಲಸ."

"ಅದನ್ನ ಮೊದಲೇ ಹೇಳಿದ್ರಿ. ಮರದ ಕೆಲಸ ಅಂದ್ರೆ ಏನು? ಕೊಯ್ಯೋದಾ?"

"ಪಾಲಿಶ್."

"ಪಾಲಿಶನ್ನ ಯಾವುದ್ರಲ್ಲಿ ಕಲಸ್ತೀರಿ?"

"ಸ್ಪಿರಿಟ್ಟಲ್ಲಿ."

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯರೇ! ಕೆಮ್ಮಿನ ಔಷಧಿ, ಸೆಂಟು, ಏನಿದ್ರೂ ನನ್ನ ಕೇಳಿ ಅಂತ ಹೇಳಿರಲಿಲ್ವಾ?"

"ಅದು ಕುಡಿಯೋದಲ್ಲ ಡಾಕ್ಟ್ರೇ," ಎಂದರು ಭಾವ. "ಹಚ್ಚೋದು."

"ಸ್ಪಿರಿಟ್ಟಲ್ಲೂ ಸಾರಾಯಿಯಲ್ಲೂ ಇರೋದು ಒಂದೇ. ಮುಚ್ಚಿದ ಕೋಣೇಲಿ ದಿನವಿಡೀ ಅದನ್ನ ಉಸಿರಾಡಿ, ಕೈಗೆಲ್ಲ ಮೆತ್ತಿಕೊಂಡ್ರೆ ಈ ಮಾತ್ರೆ ಸುಮ್ಮನೆ ಬಿಡುತ್ತಾ? ನಿಜವಾಗಿ ಕುಡಿದಿದ್ರೆ ಇಷ್ಟಕ್ಕೇ ಮುಗೀತಿರಲಿಲ್ಲ. ತಪ್ಪು ನಂದೂ ಇದೆ, ಬಿಡಿಸಿ ಕೇಳಬೇಕಿತ್ತು." ಆ ಮಾತ್ರೆ ನಡೆಯುವವರೆಗೂ ಸ್ಪಿರಿಟ್ಟನ್ನು ಮುಟ್ಟಕೂಡದು, ಬೇರೆ ಕೆಲಸ ನೋಡಿಕೊಳ್ಳಬೇಕು ಎಂದೂ ಹೇಳಿದರು. ಭಾವ "ಸರಿ" ಎಂದರು.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದಂತೆ ಎಂದು ಗಾದೆ ಕೇಳಿದ್ದೆ. ಈ ಮನುಷ್ಯ ಮಜ್ಜಿಗೆಯನ್ನೂ ಕುಡಿದಿರಲಿಲ್ಲ. ನಾನು ಅವರ ತೋಳು ಹಿಡಿದುಕೊಂಡು ಹೆಚ್ಚುಕಡಿಮೆ ಓಡಿದೆ.

ಅಕ್ಕ ಸೂಟ್‌ಕೇಸ್ ಹಿಡಿದು ಬಾಗಿಲಿಗೆ ಬಂದಿದ್ದಳು, ಮಗಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನಾನು ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಅಕ್ಕ ಪೂರ್ತಿ ಕೇಳಿದಳು. ಸೂಟ್‌ಕೇಸ್ ಕೆಳಗಿಡಲಿಲ್ಲ.

"ಕುಡಿದಿಲ್ಲ ಅಂತ ನಿನ್ನೆ ಯಾಕೆ ಹೇಳಲಿಲ್ಲ ನೀವು?"

"ಗೊತ್ತಿರಲಿಲ್ಲ."

"ಏನು ಗೊತ್ತಿರಲಿಲ್ಲ? ಮಾತ್ರೆ ವಿಷಯನಾ?"

"ಅಲ್ಲ. ನಾನು ಕುಡಿದಿಲ್ಲ ಅನ್ನೋದು." ಭಾವ ನಿಧಾನವಾಗಿ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದರು. "ಮೈ ಕುಡಿದ ಹಾಗೇ ಇತ್ತು. ಕುಡಿದಿಲ್ಲ ಅಂತ ಎಷ್ಟು ಸಲ ನಿನ್ನಾಣೆ ಇಟ್ಟಿದ್ದೀನೋ ಅಷ್ಟು ಸಲಾನೂ ಕುಡಿದಿದ್ದೆ. ನಿನ್ನೇನೂ ಯಾವಾಗಲೋ ಕುಡಿದಿರಬೇಕು, ನೆನಪಿಲ್ಲ ಅಷ್ಟೇ ಅಂದ್ಕೊಂಡೆ."

ಅಷ್ಟು ತಿಂಗಳಲ್ಲಿ ನನಗೆ ಏನಾದರೂ ಅನಿಸಿದ್ದು ಆಗಲೇ. ಅಳು ಬಂತು, ನುಂಗಿಕೊಂಡೆ.

ಅಕ್ಕ ಸೂಟ್‌ಕೇಸನ್ನು ಹೊಸ್ತಿಲ ಒಳಗಿಟ್ಟು ಅದರ ಮೇಲೆಯೇ ಕೂತುಬಿಟ್ಟಳು.

"ಇನ್ನು ಮೇಲೆ ಅನುಮಾನ ಬಂದ್ರೆ ನನ್ನ ಕೇಳಿ," ಎಂದಳು. "ಕುಡಿದಿದ್ರೆ ಕುಡಿದಿದ್ದೀರಿ ಅಂತೀನಿ. ಇಲ್ಲಾಂದ್ರೆ ಇಲ್ಲ ಅಂತೀನಿ."

"ನಿನ್ನೆ?" ಎಂದು ಭಾವ ಕೇಳಿದರು.

"ನಿನ್ನೆ ನೀವು ಕುಡಿದಿಲ್ಲ," ಎಂದಳು ಅಕ್ಕ.